ಯುಗಾದಿಗೆ ಮೊದಲೇ ಮಡಿ

ಯುಗಾದಿ ಬರಲಿ, ಬೀಜ ಹಾಕೋಣ ಎಂದು ಕಾಯುವುದು ಬಳ್ಳಾರಿ ಸೀಮೆಗೆ ಒಗ್ಗುವುದಿಲ್ಲ. ಇಲ್ಲಿ ವಸಂತವೆಂದರೆ ಬೇಸಿಗೆಯೇ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆಂಡೆ, ಗೋರಿಕಾಯಿ, ಹೀರೆ ಬಿಸಿಲು ತಾಳುತ್ತವೆ ನಿಜ, ಆದರೆ ಬೇರು ಆಳಕ್ಕಿಳಿದ ಮೇಲೆ. ಬೆಂಡೆ ಕಾಯಿ ಬಿಡಲು ಸುಮಾರು 45–50 ದಿನ ಬೇಕು. ಸಂಕ್ರಾಂತಿ ಕಳೆದೊಡನೆ ಮಡಿ ಮಾಡಿ, ಫೆಬ್ರವರಿ ಮೊದಲ ವಾರ ಬೀಜ ಊರಿದರೆ ಉರಿಬಿಸಿಲಿಗೆ ಮುಂಚೆಯೇ ಫಸಲು ಕೈಗೆ ಬರುತ್ತದೆ.

ಸಿರುಗುಪ್ಪ, ಕುರುಗೋಡು ಕಡೆಯ ಎರೆಮಣ್ಣು ತಾನೇ ನೀರು ಹಿಡಿಯುತ್ತದೆ, ಅದಕ್ಕೇಕೆ ಇಷ್ಟು ಆರೈಕೆ ಎನ್ನುವವರಿದ್ದಾರೆ. ಹಿಡಿಯುತ್ತದೆ; ಆದರೆ ಒಣಗಿದಾಗ ಅದೇ ಮಣ್ಣು ಬಿರಿದು ಎಳೆಬೇರನ್ನು ಹರಿಯುತ್ತದೆ, ನೀರು ಹೆಚ್ಚಾದರೆ ಬೇರಿಗೆ ಉಸಿರು ಕಟ್ಟುತ್ತದೆ. ಒಂದು ಹಿಡಿ ಮಣ್ಣನ್ನು ಉಂಡೆ ಕಟ್ಟಿ ಬೀಳಿಸಿ ನೋಡಿ: ಉದುರಿದರೆ ಅಗೆಯಲು ಹದ, ಮುದ್ದೆಯಾಗಿಯೇ ಉಳಿದರೆ ಎರಡು ದಿನ ಬಿಡಿ. ಚದರ ಮೀಟರಿಗೆ ಎರಡು ಮೂರು ಕಿಲೋ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ, ಮಡಿಯನ್ನು ಗೇಣೆತ್ತರ ಏರಿಸಿ. ಬಳ್ಳಾರಿ ನಗರದಲ್ಲಿ ಕುಡಿಯುವ ನೀರಿಗೇ ತಾಪತ್ರಯ, ತೋಟಕ್ಕೆಲ್ಲಿ ಎಂಬ ಆಕ್ಷೇಪ ಮಾತ್ರ ತೂಕದ್ದು. ಅದಕ್ಕೆ ಉತ್ತರ ಹತ್ತಿರದಲ್ಲೇ ಇದೆ. ತುಂಗಭದ್ರಾ ಕಾಲುವೆಯ ಕೆಳಗಿನ ಸಿರುಗುಪ್ಪದ ಗದ್ದೆಗಳಲ್ಲಿ ಭತ್ತದ ಹುಲ್ಲಿಗೆ ಬರವಿಲ್ಲ. ನಾಲ್ಕು ಬೆರಳು ದಪ್ಪ ಹಾಸಿದರೆ ಮಣ್ಣಿನ ತೇವ ಬೇಗ ಆರುವುದಿಲ್ಲ. ಗೆದ್ದಲಿನ ಭಯವಿದ್ದರೆ ಕಾಂಡಕ್ಕೆ ತಾಗದಂತೆ ಹುಲ್ಲು ಸರಿಸಿ. ಪಾತ್ರೆ ತೊಳೆದ ಮೊದಲ ಸೋಪುನೀರು ಬಿಟ್ಟು ತರಕಾರಿ, ಅಕ್ಕಿ ತೊಳೆದ ನೀರನ್ನು ಸಂಜೆ ಬುಡಕ್ಕೆ ಹಾಕಿ.