ಶಾಸಕರ ನಿಧಿ ದಾನವಲ್ಲ, ಅಮಾನತ್



ಶಾಸಕರು ಮೊಹಲ್ಲಾಕ್ಕೆ ಬಂದಾಗ ನಾವು ಶಾಲು ಹೊದಿಸಿ, ಮನವಿಪತ್ರ ಕೊಟ್ಟು ಸುಮ್ಮನಾಗುತ್ತೇವೆ. ಆ ಮನವಿ ಏನಾಯಿತೆಂದು ಮತ್ತೆ ಕೇಳುವುದಿಲ್ಲ.

ಕರ್ನಾಟಕದ ವಿಧಾನಸಭೆಯಲ್ಲಿ 224, ವಿಧಾನ ಪರಿಷತ್ತಿನಲ್ಲಿ 75 ಸ್ಥಾನಗಳಿವೆ. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ಯೋಜನೆಯಡಿ ಪ್ರತಿಯೊಬ್ಬರಿಗೂ ವರ್ಷಕ್ಕೆ 2 ಕೋಟಿ ರೂಪಾಯಿ ನಿಗದಿಯಾಗಿದೆ. ಹಣ ಅವರ ಕೈಗೆ ಬರುವುದಿಲ್ಲ. ಅವರು ಕಾಮಗಾರಿಗೆ ಶಿಫಾರಸು ಮಾಡುತ್ತಾರೆ, ಮಂಜೂರು ಮಾಡುವವರು ಜಿಲ್ಲಾಧಿಕಾರಿ. ಹಾಗಾಗಿ ಚರಂಡಿಯಾಗಲಿ, ಶಾಲಾ ಕೊಠಡಿಯಾಗಲಿ ಯಾರ ದಾನವೂ ಅಲ್ಲ; ಅದು ಎಲ್ಲರ ತೆರಿಗೆಯ ಹಣ, ಶಾಸಕರ ಬಳಿ ಇರುವ ಅಮಾನತ್.

ಶಾಸಕರ ಮುಖ್ಯ ಕೆಲಸ ಇರುವುದು ಸದನದಲ್ಲಿ: ಮಸೂದೆ, ಬಜೆಟ್, ಕ್ಷೇತ್ರದ ಪರ ಪ್ರಶ್ನೆ. ಆದ್ದರಿಂದ ಅವರು ತಮ್ಮ ಆದ್ಯತೆಗಳನ್ನು ಹೇಳಿದಾಗ ನಾವು ಮೂರು ಮಾತು ಕೇಳೋಣ. ಯಾವ ಕಾಮಗಾರಿಗೆ ಶಿಫಾರಸು ಮಾಡಿದ್ದೀರಿ? ಎಷ್ಟು ಮಂಜೂರಾಗಿದೆ? ನಮ್ಮ ಸಮಸ್ಯೆಯನ್ನು ಸದನದಲ್ಲಿ ಎತ್ತಿದ್ದೀರಾ?

ನಿಧಿಯ ಲೆಕ್ಕ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹಾಕಬಹುದು. 30 ದಿನಗಳೊಳಗೆ ಉತ್ತರ ಕೊಡಬೇಕು.

ಕೇಳುವಾಗ ನಮ್ಮ ಗಲ್ಲಿಗಷ್ಟೇ ಅಲ್ಲ, ಪಕ್ಕದ ಕೇರಿಯ ಕುಡಿಯುವ ನೀರಿಗೂ ಕೇಳೋಣ. ಆ ಹಣದಲ್ಲಿ ಅವರ ಪಾಲೂ ಇದೆ.