ಉತ್ತರ ಪತ್ರಿಕೆಯಲ್ಲಿ ಐನೂರರ ನೋಟು: ಫೇಲಾದವರು ಯಾರು?

ಪ್ರಶ್ನೆಗೆ ಉತ್ತರ ಬರೆಯೋದು ಹಳೇ ಪದ್ಧತಿ ಸ್ವಾಮಿ. ಈಗ ಉತ್ತರದ ಜಾಗದಲ್ಲಿ ನೋಟು ಇಡುವ ಕಾಲ!

2025ರ ಏಪ್ರಿಲ್ ತಿಂಗಳು. ಬೆಳಗಾವಿ ಜಿಲ್ಲೆಯ ಚಿಕ್ಕೋಡಿಯಲ್ಲಿ ಎಸ್ಸೆಸ್ಸೆಲ್ಸಿ ಮೌಲ್ಯಮಾಪನ ನಡೆದಿತ್ತು. ಉತ್ತರ ಪತ್ರಿಕೆ ಬಿಚ್ಚಿದ ಮೇಷ್ಟ್ರುಗಳ ಕೈಗೆ 500 ರೂಪಾಯಿಯ ನೋಟು ಸಿಕ್ಕಿತು. ಜೊತೆಗೆ ಅರ್ಜಿಗಳು. ಈ ದುಡ್ಡಲ್ಲಿ ಚಹಾ ಕುಡಿದು ಪಾಸು ಮಾಡಿ ಅಂತ ಒಂದು ಮೊರೆ. ಪಾಸಾದರೆ ಮಾತ್ರ ಪ್ರೀತಿ ಉಳಿಯುತ್ತೆ, ಅದೀಗ ನಿಮ್ಮ ಕೈಯಲ್ಲಿದೆ ಅಂತ ಇನ್ನೊಂದು ಗೋಳು. ಫೇಲಾದರೆ ಮನೆಯವರು ಕಾಲೇಜಿಗೆ ಕಳಿಸೋದಿಲ್ಲ ಅಂತ ಮತ್ತೊಂದು.

ಸುದ್ದಿ ಪತ್ರಿಕೆಗಳಲ್ಲಿ ಬಂತು, ಮೊಬೈಲಿನಿಂದ ಮೊಬೈಲಿಗೆ ಹಾರಿತು. ಊರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಗಲಿ, ತಪ್ಪಲ್ಲ. ಆದರೆ ನಕ್ಕು ಮುಗಿದ ಮೇಲೆ ಕೇಳಬೇಕಾದ ಮಾತೊಂದಿದೆ.

ತೆಂಗಿನ ಮರಕ್ಕೆ ಕಟ್ಟಿದ ಹಸು

ಇಂಥ ಉತ್ತರಗಳು ಹೊಸವೇನಲ್ಲ. ಪ್ರಶ್ನೆಯನ್ನೇ ನಾಲ್ಕು ಸಲ ಬರೆದು ಪುಟ ತುಂಬಿಸುವವರು, ಸಿನಿಮಾ ಹಾಡು ಬರೆಯುವವರು, ಮನೆದೇವರಿಂದ ಹಿಡಿದು ಮೇಷ್ಟ್ರ ಮಕ್ಕಳ ತನಕ ಎಲ್ಲರ ಹೆಸರಲ್ಲೂ ಆಣೆ ಹಾಕುವವರು ಎಲ್ಲ ಕಾಲದಲ್ಲೂ ಇದ್ದಾರೆ.

ಹಸುವಿನ ಪ್ರಬಂಧದ ಕತೆ ಯಾರಿಗೆ ಗೊತ್ತಿಲ್ಲ? ಹುಡುಗ ಬಾಯಿಪಾಠ ಮಾಡಿದ್ದು ತೆಂಗಿನ ಮರದ ಪ್ರಬಂಧ. ಪರೀಕ್ಷೆಗೆ ಬಂದದ್ದು ಹಸು. ಪುಣ್ಯಾತ್ಮ ಹೆದರಲಿಲ್ಲ. ಹಸುವನ್ನು ತಂದು ತೆಂಗಿನ ಮರಕ್ಕೆ ಕಟ್ಟಿದ, ಆಮೇಲೆ ಎರಡು ಪುಟ ಮರವನ್ನೇ ವರ್ಣಿಸಿದ! ಇದು ಬರೀ ಹಾಸ್ಯ ಅಂದುಕೊಂಡರೆ ತಪ್ಪು. ಗೈಡು ತಿಂದು ಗೈಡು ಕಕ್ಕುವ ವಿದ್ಯೆಗೆ ಇದಕ್ಕಿಂತ ಒಳ್ಳೇ ಚಿತ್ರ ಇನ್ನೊಂದಿಲ್ಲ.

ಚಿಕ್ಕೋಡಿಯ ಅರ್ಜಿಗಳನ್ನೇ ನೋಡಿ. ಯಾರಿಗೆ ಬರೆಯಬೇಕು, ಏನು ಕೇಳಬೇಕು, ಯಾಕೆ ಕೇಳಬೇಕು ಎಲ್ಲ ಸ್ಪಷ್ಟವಾಗಿದೆ. ಕನ್ನಡ ಪರೀಕ್ಷೆಯಲ್ಲಿ ಪತ್ರ ಲೇಖನಕ್ಕೂ ಅಂಕ ಉಂಟು. ಲೆಕ್ಕ ಹಾಕಿದರೆ ಈ ಹುಡುಗರಿಗೆ ಅದರಲ್ಲಾದರೂ ಒಂದೆರಡು ಅಂಕ ಸಲ್ಲಬೇಕು! ತನ್ನ ಮನಸ್ಸಿನಲ್ಲಿ ಇದ್ದದ್ದನ್ನು ಬರೆಯಬಲ್ಲ ಹುಡುಗನಿಗೆ ಪಾಠದಲ್ಲಿ ಇದ್ದದ್ದನ್ನು ಬರೆಯಲು ಯಾಕೆ ಆಗಲಿಲ್ಲ? ದಡ್ಡ ಅಂತ ಹೇಳಿ ಕೈತೊಳೆದುಕೊಂಡರೆ ಆಯಿತೇ?

ಹುಡುಗನ ನೋಟು, ಸರ್ಕಾರದ ಕೃಪೆ

ಪಾಸಾಗಲು ಅಡ್ಡದಾರಿ ಹುಡುಕಿದವರು ಹುಡುಗರು ಮಾತ್ರವೇ? 2023ರಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ. 83.89. ಎಲ್ಲರೂ ಬೆನ್ನು ತಟ್ಟಿಕೊಂಡರು. 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಬಂತು. ಕಾಪಿ ಚೀಟಿ ಜೇಬಿನಲ್ಲೇ ಉಳಿಯಿತು. ಫಲಿತಾಂಶ ಸುಮಾರು 54ಕ್ಕೆ ಕುಸಿಯುವುದರಲ್ಲಿತ್ತು.

ಆಗ ಇಲಾಖೆ ಏನು ಮಾಡಿತು? ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿ ಫಲಿತಾಂಶವನ್ನು ಶೇ. 73.40ಕ್ಕೆ ಎತ್ತಿ ನಿಲ್ಲಿಸಿತು! ಹುಡುಗ ಇಟ್ಟದ್ದು ಐನೂರು, ಸರ್ಕಾರ ಇಟ್ಟದ್ದು ಇಪ್ಪತ್ತು. ಒಂದಕ್ಕೆ ಲಂಚ ಅಂತ ಹೆಸರು, ಇನ್ನೊಂದಕ್ಕೆ ಕೃಪೆ ಅಂತ ಹೆಸರು.

ಕೃಪಾಂಕಕ್ಕೆ ಮುಖ್ಯಮಂತ್ರಿಗಳೇ ಆಕ್ಷೇಪ ಎತ್ತಿದರು. 2025ರಲ್ಲಿ ಕೃಪೆಯೂ ನಿಂತಿತು. ಕಾಪಿಗೆ ಕ್ಯಾಮೆರಾ ಅಡ್ಡ, ಕೃಪಾಂಕಕ್ಕೆ ಬಾಗಿಲು ಬಂದ್. ಪಾಪ, ಹುಡುಗನಿಗೆ ಉಳಿದದ್ದು ಅಪ್ಪನ ಜೇಬಿನ ನೋಟು ಒಂದೇ! ಆ ವರ್ಷ ಮೊದಲ ಪರೀಕ್ಷೆಯ ಫಲಿತಾಂಶ ಶೇ. 62.34. ದಕ್ಷಿಣ ಕನ್ನಡ 91.12, ಕಲಬುರಗಿ 42.43. ರಾಜ್ಯ ಒಂದೇ, ಪುಸ್ತಕ ಒಂದೇ, ಪ್ರಶ್ನೆಪತ್ರಿಕೆಯೂ ಒಂದೇ. ಕಲಬುರಗಿಯ ಮಕ್ಕಳಿಗೆ ದೇವರು ಬುದ್ಧಿ ಕಡಿಮೆ ಕೊಟ್ಟನೇ?

2025ರ ಅಕ್ಟೋಬರಿನಲ್ಲಿ ಮತ್ತೊಂದು ಪ್ರಕಟಣೆ ಬಂತು. ಪಾಸಿನ ಗೆರೆ 35ರಿಂದ 33ಕ್ಕೆ! ಹುಡುಗ ಹಾರಲಿಲ್ಲವೆಂದರೆ ಹಗ್ಗವನ್ನೇ ಇಳಿಸಿದಂತಾಯಿತು.

ಸೋರುವುದು ಎಲ್ಲಿ?

2025ರಲ್ಲಿ ಹತ್ತನೇ ಕ್ಲಾಸು ಬರೆದ ಹುಡುಗರು ಕೊರೊನಾ ಕಾಲದಲ್ಲಿ, ಅಂದರೆ 2020-21ರಲ್ಲಿ, ಆರನೇ ಕ್ಲಾಸಿನಲ್ಲಿದ್ದರು. ಆ ವರ್ಷದ ಬಹುಪಾಲು ಶಾಲೆಗೆ ಬೀಗ. ಮನೆಯಲ್ಲಿ ದೊಡ್ಡ ಫೋನು ಇದ್ದವರು ಪಾಠ ಕೇಳಿದರು, ಇಲ್ಲದವರು ದನ ಕಾಯ್ದರು. ಬೀಗ ತೆಗೆದ ಮೇಲೆ ಬಿಟ್ಟುಹೋದ ಪಾಠವನ್ನು ಹಿಂದಕ್ಕೆ ಹೋಗಿ ಗಟ್ಟಿಯಾಗಿ ಕಲಿಸಿದವರು ಎಷ್ಟು ಮಂದಿ? ಮುಂದಿನ ಕ್ಲಾಸಿಗೆ ಮಾತ್ರ ತಪ್ಪದೆ ತಳ್ಳಿದ್ದಾಯಿತು.

ಕೊರೊನಾ ಒಂದನ್ನೇ ದೂರಿದರೂ ಸರಿಯಾಗದು. 2024ರ ಅಸರ್ ವರದಿಯ ಪ್ರಕಾರ ದೇಶದ ಹಳ್ಳಿಗಳ ಸರ್ಕಾರಿ ಶಾಲೆಗಳಲ್ಲಿ ಮೂರನೇ ಕ್ಲಾಸಿನ ಮಕ್ಕಳ ಪೈಕಿ ಎರಡನೇ ಕ್ಲಾಸಿನ ಪಾಠ ಓದಬಲ್ಲವರು ಶೇ. 23.4 ಮಾತ್ರ. ಉಳಿದ ಮುಕ್ಕಾಲು ಪಾಲು ಮಕ್ಕಳು ಆಗಲೇ ಹಿಂದೆ ಬಿದ್ದಾಯಿತು. ಹತ್ತನೇ ಕ್ಲಾಸಿನಲ್ಲಿ ಕಾಣಿಸುವ ರೋಗ ಹತ್ತಿದ್ದು ಮೂರನೇ ಕ್ಲಾಸಿನಲ್ಲಿ.

ಮೇಷ್ಟ್ರುಗಳನ್ನು ಬೈಯುವುದೂ ಸುಲಭ. ಆದರೆ ಅವರನ್ನು ಪಾಠ ಮಾಡಲು ಬಿಡಬೇಕಲ್ಲ? ಬಿಸಿಯೂಟದ ಲೆಕ್ಕ, ಚುನಾವಣೆ, ಜನಗಣತಿ ಎಲ್ಲಕ್ಕೂ ಅವರೇ ಆಗಬೇಕು. 2025ರ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೂ ಅವರೇ ಮನೆ ಮನೆ ಬಾಗಿಲು ತಟ್ಟಿದರು. ಅದು ಮುಗಿಯಲಿಲ್ಲವೆಂದು ದಸರಾ ರಜೆಯನ್ನೇ ಅಕ್ಟೋಬರ್ 18ರ ತನಕ ಎಳೆಯಲಾಯಿತು. ಊರಿನ ತಲೆ ಎಣಿಸುವಷ್ಟರಲ್ಲಿ ತರಗತಿಯ ತಲೆಗಳೊಳಗೆ ಏನಿದೆ ಅಂತ ನೋಡಲು ಪುರಸೊತ್ತೆಲ್ಲಿ?

ಇನ್ನು ಊರಿನವರು. ಪ್ರತಿ ಸರ್ಕಾರಿ ಶಾಲೆಗೂ ಎಸ್‌ಡಿಎಂಸಿ ಎಂಬ ಸಮಿತಿ ಇದೆ. ಅದರಲ್ಲಿರುವವರು ಮಕ್ಕಳ ತಂದೆತಾಯಿಗಳೇ. ಸಭೆ ಸೇರಿದಾಗ ಕಾಂಪೌಂಡು, ಸುಣ್ಣಬಣ್ಣ, ಅಕ್ಕಿ ಬೇಳೆಯ ಮಾತು ಆಗಲಿ, ಬೇಡ ಅನ್ನುವವರಿಲ್ಲ. ಆದರೆ ಒಂದು ಸಲ, ಒಂದೇ ಸಲ, ಮೂರನೇ ಕ್ಲಾಸಿನ ಮಕ್ಕಳನ್ನು ನಿಲ್ಲಿಸಿ ಕನ್ನಡ ಪುಸ್ತಕದ ಒಂದು ಪುಟ ಓದಿಸಿ ನೋಡಲಿ. ಎಷ್ಟು ಮಕ್ಕಳು ತಡವರಿಸಿದರು ಅಂತ ಬರೆದಿಟ್ಟು, ಮೂರು ತಿಂಗಳು ಬಿಟ್ಟು ಮತ್ತೆ ಕೇಳಲಿ. ಇದಕ್ಕೆ ಬಜೆಟ್ಟು ಬೇಡ, ಮಂತ್ರಿಗಳ ಸಹಿ ಬೇಡ, ಕ್ಯಾಮೆರಾ ಸಹ ಬೇಡ.

ಆ ಕೆಲಸ ಆದರೆ ಏಳು ವರ್ಷ ಕಳೆದ ಮೇಲೆ ಮೌಲ್ಯಮಾಪನದ ಮೇಷ್ಟ್ರಿಗೆ ಉತ್ತರವೇ ಸಿಕ್ಕೀತು. ಚಹಾ ಅವರು ತಮ್ಮ ದುಡ್ಡಲ್ಲೇ ಕುಡಿದುಕೊಳ್ಳುತ್ತಾರೆ ಬಿಡಿ!