ಬೇಸಿಗೆ ರಜೆಯ ಪಾಲಿಗೆ ಬಂದ ಹತ್ತು ಸಾವಿರ ವರ್ಷ

ಅಮೆರಿಕದ ಎಷ್ಟೋ ಹೈಸ್ಕೂಲುಗಳಲ್ಲಿ ಬೇಸಿಗೆ ರಜೆ ಶುರುವಾಗುವಾಗ ಮಕ್ಕಳ ಬ್ಯಾಗಿನಲ್ಲಿ ಒಂದು ಚರಿತ್ರೆಯ ಪುಸ್ತಕವೂ ಮನೆಗೆ ಹೋಗುತ್ತದೆ. ಮುಂದಿನ ವರ್ಷ ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಪಾಠ ಹೇಳುವ ‘ಎಪಿ ವರ್ಲ್ಡ್ ಹಿಸ್ಟರಿ’ ತೆಗೆದುಕೊಳ್ಳುವವರು ಅದನ್ನು ಓದಿಕೊಂಡೇ ತರಗತಿಗೆ ಬರಬೇಕು. ಬಿಯರ್, ವೈನ್, ಮದ್ಯಸಾರ, ಕಾಫಿ, ಚಹಾ, ಕೋಲಾ ಎಂಬ ಆರು ಪಾನೀಯಗಳ ಮೂಲಕ ಜಗತ್ತಿನ ಕಥೆ ಹೇಳುವ ಟಾಮ್ ಸ್ಟ್ಯಾಂಡೇಜ್ ಅವರ 2005ರ ಪುಸ್ತಕ ಹಲವು ಮೇಷ್ಟ್ರುಗಳಿಗೆ ಅಚ್ಚುಮೆಚ್ಚು. ನೋಡುವವರಿಗೆ ಇದು ರಜೆಯ ಹೋಂವರ್ಕ್ ಅಷ್ಟೇ. ನನ್ನ ಮಟ್ಟಿಗೆ ಇದು ಪಠ್ಯಕ್ರಮದಲ್ಲಿ ಹಿಡಿಸಲಾಗದೆ ಹೋದದ್ದು ಬಂದು ನೆಲೆಸಿದ ಜಾಗ. ಹಾಗಾಗಿ ಅಲ್ಲಿ ಯಾವ ಪುಸ್ತಕ ಇಡುತ್ತೇವೆ ಎಂಬುದು ಸಣ್ಣ ವಿಷಯವಲ್ಲ.

ಇಪ್ಪತ್ತನೇ ಶತಮಾನದ ಬಹುಭಾಗ ಅಲ್ಲಿ ಜಗತ್ತಿನ ಚರಿತ್ರೆ ಎಂದರೆ ಗ್ರೀಸ್, ರೋಮ್, ಯುರೋಪ್. ಕೊಲಂಬಿಯಾ ವಿಶ್ವವಿದ್ಯಾಲಯ 1919ರಲ್ಲಿ ಆರಂಭಿಸಿದ ಕೋರ್ಸಿನ ದಾರಿಯನ್ನೇ ಉಳಿದವರೂ ಹಿಡಿದರು. ಆದರೆ 1963ರಲ್ಲಿ ಚರಿತ್ರೆಕಾರ ವಿಲಿಯಂ ಮೆಕ್‌ನೀಲ್ ನಾಗರಿಕತೆಗಳ ಕೊಡುಕೊಳ್ಳುವಿಕೆಯನ್ನೇ ಚರಿತ್ರೆಯ ಚಾಲಕಶಕ್ತಿ ಎಂದು ವಾದಿಸಿದರು. 1982ರಲ್ಲಿ ವರ್ಲ್ಡ್ ಹಿಸ್ಟರಿ ಅಸೋಸಿಯೇಷನ್ ಹುಟ್ಟಿತು. ಎಪಿ ಪರೀಕ್ಷೆಗಳ ಹೊಣೆ ಹೊತ್ತ ಕಾಲೇಜ್ ಬೋರ್ಡ್ 2002ರಲ್ಲಿ ಈ ವಿಷಯಕ್ಕೆ ನಡೆಸಿದ ಮೊದಲ ಪರೀಕ್ಷೆಗೆ ಕೂತವರು ಸುಮಾರು 21 ಸಾವಿರ. 2018ರ ಹೊತ್ತಿಗೆ ಆ ಸಂಖ್ಯೆ 3 ಲಕ್ಷ ದಾಟಿತ್ತು. ಪರೀಕ್ಷೆ ಮೇ ತಿಂಗಳಲ್ಲಿ, ಪಾಠ ಶುರುವಾಗುವುದು ಆಗಸ್ಟ್‌ ಕೊನೆಗೋ ಸೆಪ್ಟೆಂಬರಿಗೋ. ಬೇಸಾಯದ ಆರಂಭದಿಂದ ಇಂದಿನವರೆಗಿನ ಹತ್ತು ಸಾವಿರ ವರ್ಷವನ್ನು ಆ ಮೂವತ್ತು ಚಿಲ್ಲರೆ ವಾರಗಳಿಗೆ ಹಂಚಿದರೆ ವಾರಕ್ಕೆ ಸರಿಸುಮಾರು ಮುನ್ನೂರು ವರ್ಷ. ಇಂಥ ಲೆಕ್ಕದಲ್ಲಿ ಮೇಷ್ಟ್ರು ರಜೆಗೆ ಕೈ ಹಾಕದೆ ಇನ್ನೇನು ಮಾಡಿಯಾರು?

2018ರಲ್ಲಿ ಕಾಲೇಜ್ ಬೋರ್ಡ್ ಈ ಹೊರೆ ಇಳಿಸಲು ಹೊರಟು, ಪರೀಕ್ಷೆಯ ವ್ಯಾಪ್ತಿ 1450ರಿಂದ ಶುರುವಾಗಲಿ ಎಂದಿತು. ಶಿಕ್ಷಕರು, ವಿದ್ಯಾರ್ಥಿಗಳು ತಿರುಗಿಬಿದ್ದರು. ಅಲ್ಲಿಂದ ಆರಂಭಿಸಿದರೆ ಏಷ್ಯಾ, ಆಫ್ರಿಕಾ, ಅಮೆರಿಕ ಖಂಡಗಳ ಜನ ಯುರೋಪಿನ ಹಡಗು ಬಂದ ಮೇಲಷ್ಟೇ ಕಣ್ಣಿಗೆ ಬೀಳುತ್ತಾರೆ ಎಂಬುದು ಅವರ ಆಕ್ಷೇಪ. ಆ ಮಾತು ನಮಗೆ ಬೇಗ ಅರ್ಥವಾಗುತ್ತದೆ. 1450ರ ಹೊತ್ತಿಗೆ ಪ್ರೌಢದೇವರಾಯ ತೀರಿಕೊಂಡು ನಾಲ್ಕು ವರ್ಷ. ಹೆರಾತಿನ ರಾಯಭಾರಿ ಅಬ್ದುರ್ ರಜಾಕ್ ವಿಜಯನಗರವನ್ನು ಕಣ್ಣಾರೆ ಕಂಡು ಹೋಗಿ ಏಳು ವರ್ಷ. ಕೊನೆಗೆ ಗೆರೆ 1200ಕ್ಕೆ ನಿಂತಿತು. 2019ರಿಂದ ಜಾರಿಯಾದ ಆ ಪಠ್ಯಕ್ರಮದ ಉದಾಹರಣೆಗಳಲ್ಲಿ ವಿಜಯನಗರದ ಹೆಸರಿದೆ. ಬಾದಾಮಿ, ಎಲ್ಲೋರಗಳ ಕಾಲ ಮಾತ್ರ ಗೆರೆಯ ಆಚೆಗೇ ಉಳಿಯಿತು. ಹಾಗೆ ಆಚೆ ಉಳಿದದ್ದನ್ನೆಲ್ಲ ಎಷ್ಟೋ ಕಡೆ ಬೇಸಿಗೆಯ ಓದೇ ಹೊತ್ತುಕೊಂಡಿದೆ.

ಈ ಹೊರೆಗೆ ಪಠ್ಯಪುಸ್ತಕದ ಮೊದಲ ಆರು ಅಧ್ಯಾಯ ಕೊಟ್ಟು ಟಿಪ್ಪಣಿ ಬರೆಸುವುದು ಸುಲಭದ ದಾರಿ, ನಿಷ್ಪ್ರಯೋಜಕ ದಾರಿಯೂ ಹೌದು. ಅದರ ಬದಲು ಒಂದು ವಸ್ತುವಿನಿಂದ ಹೊರಟು ನೋಡಿ. ಬ್ರಿಟಿಷ್ ಮ್ಯೂಸಿಯಂನಲ್ಲಿ ಐದು ಸಾವಿರ ವರ್ಷ ಹಳೆಯ, ಅಂಗೈಯಗಲದ ಒಂದು ಮಣ್ಣಿನ ಹಲಗೆಯಿದೆ. ಅದರ ಮೇಲೆ ಮತ್ತೆ ಮತ್ತೆ ಬರುವ ಗುರುತು ತಳ ಚೂಪಾದ ಬಿಯರ್ ಮಡಕೆ. ಒಂದು ಕಡೆ ಬಟ್ಟಲಿನ ಜೊತೆ ಮನುಷ್ಯನ ತಲೆ. ಅದು ದುಡಿದವರಿಗೆ ಅಳೆದುಕೊಟ್ಟ ಪಡಿಯ ಲೆಕ್ಕ. ಬರವಣಿಗೆ ಯಾಕೆ ಬೇಕಾಯಿತು, ಉಗ್ರಾಣ ಯಾರ ಕೈಯಲ್ಲಿತ್ತು ಎಂಬ ಪ್ರಶ್ನೆಗಳು ಹದಿನೈದರ ಹುಡುಗಿಗೆ ತಾನಾಗಿ ಹುಟ್ಟುವುದು ಇಂಥ ಕಡೆ. ರಾಜವಂಶಗಳ ಪಟ್ಟಿ ಅಕ್ಟೋಬರಿಗೆ ಮರೆತುಹೋಗುತ್ತದೆ, ಆ ಮಡಕೆ ಮರೆಯುವುದಿಲ್ಲ.

ಒಂದು ಪಾನೀಯ ಹಿಡಿದು ಹೊರಟರೆ ಚರಿತ್ರೆ ತೆಳುವಾಗುತ್ತದೆ ಎನ್ನುವವರಿದ್ದಾರೆ. ನಿಜವೇ. ಒಂದೇ ಕಾರಣಕ್ಕೆ ಎಲ್ಲವನ್ನೂ ಕಟ್ಟುವ ಅಪಾಯಕ್ಕಾಗಿಯೇ ಜಾರೆಡ್ ಡೈಮಂಡ್ ಅವರ 1997ರ ಪುಸ್ತಕ ಟೀಕೆಗೊಳಗಾಯಿತು. ಅದಕ್ಕೆ ಮದ್ದು ಪುಸ್ತಕವನ್ನು ದೂರವಿಡುವುದಲ್ಲ, ಅದರೊಡನೆ ಜಗಳವಾಡಲು ಕಲಿಸುವುದು. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ರಜೆ ಎಲ್ಲರಿಗೂ ಒಂದೇ ಅಲ್ಲ. ಮನೆತುಂಬ ಪುಸ್ತಕವಿರುವ ಮಗುವಿಗೂ ರಜೆಯಲ್ಲಿ ಅಂಗಡಿ ಕೆಲಸಕ್ಕೆ ಹೋಗುವ ಮಗುವಿಗೂ ಮೊದಲ ದಿನವೇ ಒಂದೇ ಪರೀಕ್ಷೆ ಇಟ್ಟು ಅಂಕ ಕೊಡುವುದು ಅನ್ಯಾಯ. ಪ್ರತಿಯನ್ನು ಶಾಲೆಯೇ ಕೊಡಬೇಕು, ಅಂಕ ಇರಬಾರದು. ಮೊದಲ ದಿನದ ತರಗತಿಗೆ ಒಂದು ಪ್ರಶ್ನೆ ಸಾಕು: ಚಹಾದ ಅಧ್ಯಾಯದಲ್ಲಿ ಅದನ್ನು ಕುಡಿದವರಿಗೆ ಎಷ್ಟು ಪುಟ, ಅಸ್ಸಾಮಿನ ತೋಟಗಳಲ್ಲಿ ಎಲೆ ಕಿತ್ತವರಿಗೆ ಎಷ್ಟು?